ಕಾರ್ಡ್‌ಲೆಸ್ ಮೈಕಿಗೆ ಕಂಡೆನ್ಸರ್ ಹೆಡ್ ಹಾಕುವ ಮುನ್ನ

ಸುಗಮ ಸಂಗೀತ ಕಾರ್ಯಕ್ರಮಗಳಿಗೆ ಸೌಂಡ್ ನೋಡಿಕೊಳ್ಳುವ ನನ್ನನ್ನು ಹೊಸ ಗಾಯಕ ಗಾಯಕಿಯರು ಪದೇ ಪದೇ ಕೇಳುವುದುಂಟು: “ಅಣ್ಣಾ, ಕಾರ್ಡ್‌ಲೆಸ್‌ಗೆ ಕಂಡೆನ್ಸರ್ ಹೆಡ್ ಹಾಕ್ಸಿದ್ರೆ ನನ್ ವಾಯ್ಸ್ ಇನ್ನೂ ಚೆನ್ನಾಗ್ ಬರುತ್ತಾ?” ಬರುತ್ತದೆ. ಅದರ ಜತೆಗೆ ಇನ್ನೇನೇನು ಬರುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಿ ಎನ್ನುತ್ತೇನೆ. ಕಂಠ ನೋಡಿ ಮೈಕ್ ಆರಿಸುವುದು ರೂಢಿ. ಇಷ್ಟು ವರ್ಷ ಮಿಕ್ಸರ್ ಮುಂದೆ ಕೂತ ಮೇಲೆ ನನಗೆ ಖಾತ್ರಿಯಾಗಿರುವುದು, ಕಂಠಕ್ಕೂ ಮೊದಲು ವೇದಿಕೆ ನೋಡಬೇಕು, ಆಮೇಲೆ ಹಾಡುವವರ ಕೈ ನೋಡಬೇಕು.

ಎಲ್ಲೆಲ್ಲೂ ಕಾಣುವ ಶೂರ್ ಎಸ್‌ಎಂ58 1966ರಲ್ಲಿ ಬಂದ ಡೈನಮಿಕ್ ಮೈಕ್. ಅದರ ಪೊರೆಗೆ ತಂತಿಯ ಸುರುಳಿ ಅಂಟಿಕೊಂಡಿರುತ್ತದೆ. ನಮ್ಮ ದನಿ ಆ ಭಾರವನ್ನೂ ಹೊತ್ತು ಅಲುಗಬೇಕು. ಕಂಡೆನ್ಸರ್‌ನಲ್ಲಿ ಸುರುಳಿ ಇಲ್ಲ. ಕೆಲವೇ ಮೈಕ್ರಾನ್ ದಪ್ಪದ, ಲೋಹ ಲೇಪಿಸಿದ ಪೊರೆ. ಅದರ ಹಿಂದೆ ಕೂದಲೆಳೆಗಿಂತ ಕಿರಿದಾದ ಸಂದು ಬಿಟ್ಟು ಒಂದು ತಟ್ಟೆ. ಸಂದು ಹಿಗ್ಗಿ ಕುಗ್ಗಿದಂತೆ ವಿದ್ಯುತ್ ಸಂಕೇತ ಹುಟ್ಟುತ್ತದೆ. ಅಮೆರಿಕದ ಇ. ಸಿ. ವೆಂಟೆ 1916ರಲ್ಲೇ ಇಂಥದ್ದನ್ನು ಮಾಡಿದ್ದರು. ಆದರೆ ಆ ತಟ್ಟೆಗೆ ಹೊರಗಿನಿಂದ ಹೆಚ್ಚಿನ ವೋಲ್ಟೇಜ್ ಕೊಡುತ್ತಲೇ ಇರಬೇಕಿತ್ತು. 1962ರಲ್ಲಿ ಬೆಲ್ ಲ್ಯಾಬ್ಸ್‌ನ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ವಿದ್ಯುದಾವೇಶವನ್ನು ಕ್ಯಾಪ್ಸೂಲಿನೊಳಗೇ, ಅಂದರೆ ಪೊರೆ ತಟ್ಟೆಗಳ ಜೋಡಣೆಯೊಳಗೇ, ಕಾಯಂ ಹಿಡಿದಿಡುವ ಎಲೆಕ್ಟ್ರೆಟ್ ಮೈಕ್ ಮಾಡಿದರು. ಎರಡು ಎಎ ಸೆಲ್ಲಿನ ಮೇಲೆ ಓಡುವ ಕಾರ್ಡ್‌ಲೆಸ್ ಹಿಡಿಕೆಯ ಮೇಲೆ ಇವತ್ತು ಕಂಡೆನ್ಸರ್ ಹೆಡ್ ಸುಲಭವಾಗಿ ಕೂರುವುದರ ಹಿಂದೆ ಅವರ ಕೆಲಸ ಇದೆ.

ಭಾವಗೀತೆಗೆ ಇದರ ಉಪಕಾರ ದೊಡ್ಡದು. ಅಲ್ಲಿ ಕವಿಯ ಮಾತು ಕಡೆಯ ಸಾಲಿನ ಕುರ್ಚಿಗೂ ಮುಟ್ಟಬೇಕು. ಸ, ಶ, ಚ ಮುಂತಾದ ಅಕ್ಷರಗಳ ಕಸುವು 4 ಕಿಲೋಹರ್ಟ್ಜ್‌ನಿಂದ ಮೇಲಕ್ಕೇ ಹೆಚ್ಚು. ಹಗುರ ಪೊರೆ ಅದನ್ನು ಸಲೀಸಾಗಿ ಹಿಡಿಯುತ್ತದೆ. ಒಮ್ಮೆ ರವೀಂದ್ರ ಕಲಾಕ್ಷೇತ್ರದಲ್ಲಿ ಹಿರಿಯ ಗಾಯಕಿಯೊಬ್ಬರು ಸೌಂಡ್ ಚೆಕ್ ನಡುವೆ ಹಾಡು ನಿಲ್ಲಿಸಿ, “ಏನಪ್ಪಾ, ಇವತ್ತು ನನ್ನ ಉಸಿರೂ ಕೇಳಿಸ್ತಿದೆಯಲ್ಲ?” ಎಂದರು. “ಹೌದಮ್ಮಾ, ಹೆಡ್ ಬದಲಾಗಿದೆ, ಕಡಿಮೆ ಮಾಡ್ಲಾ?” ಎಂದೆ. ಎರಡು ಸಾಲು ಮತ್ತೆ ಹಾಡಿ ನೋಡಿದರು. “ಬೇಡ, ಇರ್ಲಿ. ಸಾಲು ಮುಗಿದಿದ್ದು ಜನಕ್ಕೆ ಗೊತ್ತಾಗುತ್ತೆ” ಎಂದರು. ಆ ಸಂಜೆ ಅವರು ಹಾಡಿದ ಮಂದ್ರದ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿತು.

ಅದೇ ಹೆಡ್ಡನ್ನು ಗಣೇಶೋತ್ಸವದ ಪೆಂಡಾಲಿಗೆ ನಾನು ಒಯ್ಯುವುದಿಲ್ಲ. ಅಲ್ಲಿ ಜಾಗ ಸಾಲದೆ ಸ್ಪೀಕರ್‌ಗಳು ಹಾಡುವವರ ಪಕ್ಕಕ್ಕೋ ಹಿಂದಕ್ಕೋ ಬಂದಿರುತ್ತವೆ, ಬೆನ್ನಿಗೇ ರಿದಂ ಪ್ಯಾಡಿನವರು ತಮಗೆ ಕೇಳಲೆಂದು ಇಟ್ಟುಕೊಂಡ ಮಾನಿಟರ್ ಸ್ಪೀಕರ್, ಪಕ್ಕದಲ್ಲಿ ಜನರೇಟರ್. ಇವೆಲ್ಲವೂ ಗಾಯಕಿಯ ಮೈಕಿನಲ್ಲಿ ಬರುತ್ತವೆ. ಮೈಕ್ ತುಟಿಯಿಂದ ಎರಡು ಇಂಚಿಗೆ ಇದ್ದದ್ದು ನಾಲ್ಕು ಇಂಚಿಗೆ ಹೋದರೆ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅಷ್ಟನ್ನು ನಾನು ಮಿಕ್ಸರ್‌ನಲ್ಲಿ ಏರಿಸಿದರೆ ಪ್ಯಾಡೂ ಜನರೇಟರೂ ಅಷ್ಟೇ ಏರುತ್ತವೆ, ಕೂಡಲೇ ಫೀಡ್‌ಬ್ಯಾಕ್ ಆಗಿ ಕುಯ್ ಎನ್ನುತ್ತದೆ. ಬಾಯಿಗೆ ಹತ್ತಿಸಿ ಹಾಡಿದರೆ ಡೈನಮಿಕ್ ಅಲ್ಲಿ ಮರ್ಯಾದೆ ಉಳಿಸುತ್ತದೆ. ಕೋರಸ್ ಮೈಕುಗಳನ್ನು ಹಾಡದ ಹೊತ್ತಿನಲ್ಲಿ ಮುಚ್ಚುವುದೂ ಮುಖ್ಯ: ತೆರೆದ ಮೈಕುಗಳು ಇಮ್ಮಡಿಯಾದಾಗಲೆಲ್ಲ ಫೀಡ್‌ಬ್ಯಾಕಿಗೆ ಮುಂಚಿನ ಅವಕಾಶ 3 ಡೆಸಿಬೆಲ್ ಕುಗ್ಗುತ್ತದೆ.

ಒಳಾಂಗಣದಲ್ಲೂ ಮಾನಿಟರ್ ಎಲ್ಲಿಟ್ಟಿದ್ದೇವೆ ಎಂಬುದರ ಮೇಲೆ ಹೆಡ್ ತೀರ್ಮಾನವಾಗಬೇಕು. ಶೂರ್ ಬೀಟಾ 87ಸಿ ಎಂಬ ಕಂಡೆನ್ಸರ್ ಹೆಡ್ ಕಾರ್ಡಿಯಾಯ್ಡ್. ಅದಕ್ಕೆ ನೇರ ಹಿಂಬದಿ ಕಿವುಡು, ಹಾಗಾಗಿ ಗಾಯಕಿಯ ಎದುರಿಗೇ ಒಂದು ಮಾನಿಟರ್ ಇಡಬಹುದು. 87ಎ ಸೂಪರ್‌ಕಾರ್ಡಿಯಾಯ್ಡ್. ಅದು ಮುಂದಿನಿಂದ ಸುಮಾರು 125 ಡಿಗ್ರಿಯಲ್ಲಿ, ಅಂದರೆ ಹಿಂಬದಿಯ ಎರಡು ಓರೆಗಳಲ್ಲಿ ಕಿವುಡು; ನೇರ ಹಿಂದೆ ಸ್ವಲ್ಪ ಕೇಳಿಸಿಕೊಳ್ಳುತ್ತದೆ. ಅದಕ್ಕೆ ಎರಡು ಮಾನಿಟರ್ ಬೇಕು, ಎಡಕ್ಕೊಂದು ಬಲಕ್ಕೊಂದು ಓರೆಯಾಗಿ. ಹೆಡ್ ಬದಲಿಸಿ ಮಾನಿಟರನ್ನು ಇದ್ದಲ್ಲೇ ಬಿಟ್ಟು ಮೈಕನ್ನು ಬಯ್ಯುವುದನ್ನು ಎಷ್ಟೋ ಕಡೆ ನೋಡಿದ್ದೇನೆ; ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಈ ಲೆಕ್ಕವೆಲ್ಲ ನಿಲ್ಲುವುದು ಕೈ ಸರಿಯಿದ್ದರೆ ಮಾತ್ರ. ಗ್ರಿಲ್ಲನ್ನು ಮುಷ್ಟಿಯಲ್ಲಿ ಮುಚ್ಚಿದರೆ ಕ್ಯಾಪ್ಸೂಲಿನ ಹಿಂಬದಿಯ ರಂಧ್ರಗಳು ಕಟ್ಟಿಹೋಗುತ್ತವೆ, ಮೈಕಿಗೆ ದಿಕ್ಕು ತಪ್ಪಿ ಸುತ್ತಲಿನದೆಲ್ಲ ಒಳಬರುತ್ತದೆ. ಬೆರಳು ಗ್ರಿಲ್ಲಿನ ಬಳೆಗಿಂತ ಕೆಳಗೇ ಇರಲಿ. ಹಿರಿಯರು ತಾರಸ್ಥಾಯಿಗೆ ಹೋಗುವಾಗ ಮೈಕನ್ನು ಒಂದಿಷ್ಟೇ ಹಿಂದೆಳೆದು ಮತ್ತೆ ತರುವ ರೀತಿ ನೋಡಿ ಕಲಿಯಬೇಕಾದ ವಿದ್ಯೆ.

ಹೆಡ್ ಬದಲಿಸಿದ ಮೇಲೆ ಟ್ರಾನ್ಸ್‌ಮಿಟರ್‌ನ ಗೇನ್ ಹೊಸದಾಗಿ ಹೊಂದಿಸಿ. ಕಂಡೆನ್ಸರ್ ಹೆಡ್‌ಗಳು ಸಾಮಾನ್ಯವಾಗಿ ಜೋರು. ಹಲೋ ಹಲೋ ಎಂದರೆ ಏನೂ ತಿಳಿಯದು. ಅತಿ ಎತ್ತರದ ಚರಣವನ್ನು ಪೂರ್ತಿ ದನಿಯಲ್ಲಿ ಹಾಡಿಸಿ ಹೊಂದಿಸಬೇಕು. ಹಳೆಯ ಅನಲಾಗ್ ಸೆಟ್‌ಗಳು ದನಿಯನ್ನು ಕಳಿಸುವಾಗ ಒತ್ತಿ, ಹಿಡಿಯುವಾಗ ಬಿಚ್ಚುತ್ತವೆ. ಅಂಥವುಗಳಲ್ಲಿ ಸುತ್ತಲಿನ ಸದ್ದು ಸಾಲು ಮುಗಿದಾಗ ಬುಸ್ಸೆಂದು ಏರಿಳಿಯುವುದುಂಟು. ಡಿಜಿಟಲ್ ಸೆಟ್‌ನಲ್ಲಿ ಈ ಕಾಟವಿಲ್ಲ.

ಕರಾವಳಿಗೆ ಹೋಗುವಾಗ ನನ್ನ ಎಚ್ಚರಿಕೆ ಇಮ್ಮಡಿ. ಎಸಿ ಕಾರಿನಿಂದ ಇಳಿಸಿದ ತಣ್ಣನೆಯ ಹೆಡ್ಡನ್ನು ಉಡುಪಿಯ ಸೆಕೆಯಲ್ಲಿ ತಕ್ಷಣ ತೆರೆದರೆ ಪೊರೆಯ ಮೇಲೆ ಪಸೆ ಕೂರುತ್ತದೆ. ಆ ತೇವದಲ್ಲಿ ಆವೇಶ ಸೋರಿ ಪಟಪಟ ಸದ್ದು ಬರುತ್ತದೆ, ಇಲ್ಲವೇ ದನಿ ಕುಗ್ಗುತ್ತದೆ. ಡಬ್ಬಿ ಮುಚ್ಚಿದಂತೆಯೇ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಟ್ಟು ಆಮೇಲೆ ತೆಗೆಯುತ್ತೇನೆ. ಕಾರ್ಯಕ್ರಮ ಮುಗಿದ ಮೇಲೆ ಗ್ರಿಲ್ ಮಾತ್ರ ಬಿಚ್ಚಿ, ಒಳಗಿನ ಸ್ಪಂಜು ತೊಳೆದು ಪೂರ್ತಿ ಒಣಗಿಸಿ, ಹೆಡ್ಡನ್ನು ಸಿಲಿಕಾ ಜೆಲ್ ಪೊಟ್ಟಣದ ಜತೆ ಗಾಳಿಯಾಡದ ಡಬ್ಬಿಯಲ್ಲಿಡುತ್ತೇನೆ. ಕ್ಯಾಪ್ಸೂಲನ್ನು ಬೆರಳಿಂದಲೂ ಮುಟ್ಟುವುದಿಲ್ಲ.

ಕೊಳ್ಳುವವರಿಗೆ ಇನ್ನೊಂದು ಮಾತು. ಶೂರ್ ಹಿಡಿಕೆಯ ತಿರುಪಿನ ಮರೆಗೂ ಸೆನ್‌ಹೈಸರ್ ಹಿಡಿಕೆಯ ಮರೆಗೂ ಹೊಂದುವುದಿಲ್ಲ, ಹೆಡ್ ತರುವ ಮುನ್ನ ನಿಮ್ಮ ಸೆಟ್ಟಿನ ಮಾಡೆಲ್ ಹೇಳಿ ಕೇಳಿ. ಸಾಧ್ಯವಾದರೆ ಮೊದಲು ಬಾಡಿಗೆಗೆ ತನ್ನಿ. ಮನೆಯ ಕೋಣೆಯಲ್ಲಲ್ಲ, ನೀವು ಹೆಚ್ಚಾಗಿ ಹಾಡುವ ವೇದಿಕೆಯ ಮೇಲೆ, ನಿಮ್ಮ ತಬಲಾ, ಕೀಬೋರ್ಡಿನವರನ್ನು ಕೂರಿಸಿಕೊಂಡು, ಮಾನಿಟರ್ ಹಾಕಿಸಿ ಹಾಡಿ ನೋಡಿ.