ಹಿಮದ ನಾಡಿನ ಜ್ಯೋತಿ

ಕೃಷ್ಣಾ, ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆ ಬಿರುಬಿಸಿಲಿಗೆ ಹೆಸರಾದುದು. ದೇವದುರ್ಗ, ಮಾನ್ವಿಗಳ ಬಾಲಕ ಬಾಲಕಿಯರು ಕಾದ ನೆಲದ ಮೇಲೆ ಓಡಬಲ್ಲರು. ಹೆಪ್ಪುಗಟ್ಟಿದ ನೀರಿನ ಮೇಲಿನ ಓಟವನ್ನು ಅವರು ಕಂಡವರಲ್ಲ. ಜಪಾನಿನ ಉತ್ತರದ ದ್ವೀಪವಾದ ಹೊಕ್ಕೈಡೊದಲ್ಲಾದರೋ ಚಳಿಗಾಲದಲ್ಲಿ ಕೆರೆಕುಂಟೆಗಳೇ ಮಂಜುಗಡ್ಡೆಯಾಗುತ್ತವೆ. ಪಾದರಕ್ಷೆಗೆ ಉಕ್ಕಿನ ಅಲಗನ್ನು ಜೋಡಿಸಿಕೊಂಡು ಮಂಜುಗಡ್ಡೆಯ ಮೇಲೆ ವೇಗವಾಗಿ ಜಾರುವ ಸ್ಪರ್ಧೆಯೇ ಸ್ಪೀಡ್ ಸ್ಕೇಟಿಂಗ್.

1964ರ ಅಕ್ಟೋಬರ್ 5ರಂದು ಆ ದ್ವೀಪದ ಹಯಾಕಿಟಾ ಎಂಬ ಊರಿನಲ್ಲಿ ಹಾಶಿಮೊಟೊ ಮನೆತನದಲ್ಲಿ ಹೆಣ್ಣುಮಗುವೊಂದು ಜನಿಸಿತು. ಐದು ದಿನಗಳ ತರುವಾಯ ಟೋಕಿಯೋ ಒಲಿಂಪಿಕ್ ಕ್ರೀಡಾಕೂಟ ಆರಂಭವಾಯಿತು. ಅಲ್ಲಿ ಬೆಳಗಿದ ಜ್ಯೋತಿಯ ನೆನಪಿಗಾಗಿ ತಂದೆ ಮಗುವಿಗೆ 'ಸೇಕೋ' ಎಂದು ಹೆಸರಿಟ್ಟರು. ಜಪಾನೀ ಭಾಷೆಯಲ್ಲಿ 'ಸೇಕಾ' ಎಂದರೆ ಪವಿತ್ರ ಜ್ಯೋತಿ.

ಆದರೆ ಬಾಲ್ಯದಲ್ಲಿಯೇ ಸೇಕೋಗೆ ಮೂತ್ರಪಿಂಡದ ಕಾಯಿಲೆ ಅಂಟಿತು. ಆಡುವ ವಯಸ್ಸಿನಲ್ಲಿ ಆಟವೇ ನಿಷಿದ್ಧವಾಯಿತು. ಗುಣಮುಖಳಾದ ಬಾಲಕಿ ಮತ್ತೆ ಹಿಮದ ಅಂಗಳಕ್ಕೆ ಇಳಿದಳು. 1984ರಲ್ಲಿ ಸರಾಯೆವೊ ನಗರದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆಕೆ ಪ್ರಥಮ ಬಾರಿಗೆ ಸ್ಪರ್ಧಿಸಿದರು. 1988ರಲ್ಲಿ ಕ್ಯಾಲ್ಗರಿಯಲ್ಲಿ ಐದು ಓಟಗಳಲ್ಲಿ ಪಾಲ್ಗೊಂಡರೂ ಪದಕ ಲಭಿಸಲಿಲ್ಲ. ಆಕೆ ಎದೆಗುಂದಲಿಲ್ಲ. ಕಾಲಿನ ಬಲವನ್ನೇ ನೆಚ್ಚಿದ ಸೈಕಲ್ ಸ್ಪರ್ಧೆಯನ್ನೂ ಅಭ್ಯಸಿಸಿ, ಅದೇ ವರ್ಷ ಸೋಲ್ ನಗರದ ಬೇಸಿಗೆಯ ಒಲಿಂಪಿಕ್ಸ್‌ಗೂ ಹೋದರು. ಕೊನೆಗೆ 1992ರಲ್ಲಿ ಆಲ್ಬರ್ಟ್‌ವಿಲ್‌ನಲ್ಲಿ 1500 ಮೀಟರ್ ಓಟದ ಕಂಚಿನ ಪದಕ ಅವರಿಗೆ ಒಲಿಯಿತು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಜಪಾನಿನ ಮಹಿಳೆಯೊಬ್ಬರು ಗಳಿಸಿದ ಮೊದಲ ಪದಕವದು.

1995ರಲ್ಲಿ ಅವರು ಜಪಾನ್ ಸಂಸತ್ತಿನ ಮೇಲ್ಮನೆಗೆ ಆಯ್ಕೆಯಾದರು. ಮರುವರ್ಷ ಅಟ್ಲಾಂಟದಲ್ಲಿ ಸಂಸತ್ಸದಸ್ಯೆಯಾಗಿದ್ದುಕೊಂಡೇ ಸೈಕಲ್ ಸ್ಪರ್ಧೆಗೆ ಇಳಿದರು. ಅದು ಅವರ ಏಳನೆಯ ಒಲಿಂಪಿಕ್ಸ್.

ಸಂಸತ್ತಿನಲ್ಲಿಯೂ ಹೊಸ ಹಾದಿ ತುಳಿಯಬೇಕಾಯಿತು. ಅವರು ಗರ್ಭಿಣಿಯಾದಾಗ, ಸದಸ್ಯರ ಗೈರುಹಾಜರಿಗೆ ಸಲ್ಲುವ ಕಾರಣವಾಗಿ ಹೆರಿಗೆಯ ಉಲ್ಲೇಖವೇ ಮೇಲ್ಮನೆಯ ನಿಯಮದಲ್ಲಿ ಇರಲಿಲ್ಲ. 2000ದಲ್ಲಿ ಆ ನಿಯಮವನ್ನು ತಿದ್ದಲಾಯಿತು. ಇದರ ಪ್ರಯೋಜನ ಅವರೊಬ್ಬರದಲ್ಲ. ಮುಂದೆ ಬರುವ ತಾಯಂದಿರೆಲ್ಲರದು.

2021ರ ಫೆಬ್ರವರಿಯಲ್ಲಿ ಟೋಕಿಯೋ ಒಲಿಂಪಿಕ್ಸ್ ಸಂಘಟನಾ ಸಮಿತಿಯ ಅಧ್ಯಕ್ಷರು ಮಹಿಳೆಯರನ್ನು ಹಗುರವಾಗಿ ಆಡಿದ ಮಾತಿಗಾಗಿ ಪದವಿ ತ್ಯಜಿಸಬೇಕಾಯಿತು. ಸಚಿವೆಯಾಗಿದ್ದ ಸೇಕೋ ಹಾಶಿಮೊಟೊ ಆ ಸ್ಥಾನವನ್ನು ಬಿಟ್ಟು ಸಮಿತಿಯ ಹೊಣೆ ಹೊತ್ತರು. ಅದರ ಆಡಳಿತ ಮಂಡಳಿಗೆ ಹೊಸದಾಗಿ 12 ಮಂದಿ ಮಹಿಳೆಯರು ಸೇರಿದರು. ಸಾಂಕ್ರಾಮಿಕ ರೋಗದಿಂದ ಒಂದು ವರ್ಷ ಮುಂದೆ ಹೋಗಿದ್ದ ಕೂಟ ಆ ಜುಲೈನಲ್ಲಿ ನಡೆಯಿತು. ಜ್ಯೋತಿಯ ಹೆಸರು ಹೊತ್ತ ಮಗಳ ಮುಂದೆ ಜ್ಯೋತಿ ಮತ್ತೆ ಬೆಳಗಿತು.

ಗೆದ್ದ ಪದಕ ಗೆದ್ದವರ ಮನೆಯಲ್ಲಿ ಉಳಿಯುತ್ತದೆ. ತೆರೆದ ಬಾಗಿಲು ಹಿಂದೆ ಬರುವವರೆಲ್ಲರಿಗೂ ಸೇರುತ್ತದೆ. ಹಿಮದ ಮೇಲಾಗಲಿ, ಬಿಸಿಲ ನಾಡಿನ ಬಯಲಿನಲ್ಲಾಗಲಿ, ಓಡುವವರು ನೆನಪಿನಲ್ಲಿಡಬೇಕಾದ ಮಾತಿದು.

ಅಭ್ಯಾಸ
1. 'ಸೇಕೋ' ಎಂಬ ಹೆಸರು ಹೇಗೆ ಬಂದಿತು?
2. ಮೇಲ್ಮನೆಯ ನಿಯಮವನ್ನು ತಿದ್ದಿದ್ದರಿಂದ ಯಾರಿಗೆ ಅನುಕೂಲವಾಯಿತು? ವಿವರಿಸಿ.