ಎದೆ ಅಂದ್ರೆ ಯಾವ ಎದೆ? ಮೂರು ದಿನದ ನಡಿಗೆಗೆ ಹೊರಡುವ ಮುನ್ನ



ಕಳೆದ ವಾರ ಪೀತಮ್‌ಪುರದ ಒಬ್ಬ ಅಮ್ಮ ನನ್ನ ಬಳಿ ಬಂದಿದ್ದರು. ವಯಸ್ಸು 61. ಊರು ಹಾಸನದ ಕಡೆ, ಮಗನ ಮನೆಗೆ ಬಂದು ಹತ್ತು ವರ್ಷದ ಮೇಲಾಯಿತು. ನಾಲ್ಕು ವರ್ಷದ ಹಿಂದೆ ಎಡ ಸ್ತನದ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಆಗಿದೆ. ಅಮೆರಿಕದಲ್ಲಿರುವ ಮಗಳು ಸ್ತನ ಕ್ಯಾನ್ಸರ್ ನಿಧಿಗಾಗಿ ಸ್ಯಾನ್ ಡಿಯಾಗೋದಲ್ಲಿ ನಡೆಯುವ ಮೂರು ದಿನದ ನಡಿಗೆಗೆ ಹೆಸರು ಕೊಡುತ್ತಿದ್ದಾಳೆ. ಅಮ್ಮನೂ ಜೊತೆಗೆ ನಡೆಯಲಿ ಎಂದು ಅವಳ ಆಸೆ.

"ಡಾಕ್ಟ್ರೇ, ನನ್ನ ಕೈಲಾಗತ್ತಾ? ಮದುವೆಗೆ ಮುಂಚೆ ಧರ್ಮಸ್ಥಳಕ್ಕೆ ನಡ್ಕೊಂಡೇ ಹೋಗಿದ್ದೆ" ಅಂದರು.

"ನೋಡೋಣ ಅಮ್ಮ. ಮೊದಲು ಎದೆ ಪರೀಕ್ಷೆ ಆಗಲಿ" ಅಂದೆ.

"ಯಾವ ಎದೆ?" ಅಂತ ನಕ್ಕರು. ಆ ನಗುವಿನ ಹಿಂದೆ ನನ್ನದೇ ಒಂದು ತಪ್ಪಿದೆ. ಅವರ ಒಪ್ಪಿಗೆ ಪಡೆದು ಅದನ್ನು ಬರೆಯುತ್ತಿದ್ದೇನೆ.

*ಅಂದು ನಾನು ಮಾಡಿದ ತಪ್ಪು*

ನಾಲ್ಕು ವರ್ಷದ ಹಿಂದೆ ಅವರು ಮಗನ ಜೊತೆ ಬಂದು "ಎದೆ ಒಂಥರಾ ಭಾರ" ಅಂದಿದ್ದರು. ಇಸಿಜಿ, ಎಕೋ, ಟ್ರೆಡ್‌ಮಿಲ್ ಮೂರೂ ಮಾಡಿಸಿದೆ. ಎಲ್ಲ ಸರಿಯಾಗಿತ್ತು. "ಹೃದಯ ಚೆನ್ನಾಗಿದೆ, ಗ್ಯಾಸ್ ಇರಬಹುದು" ಎಂದು ಕಳುಹಿಸಿದೆ. ಐದು ತಿಂಗಳ ಮೇಲೆ ಅವರು ಧೈರ್ಯ ಮಾಡಿ ಸೊಸೆಗೆ ಹೇಳಿದರು. ಅಷ್ಟರಲ್ಲಿ ಗಂಟು ನಿಂಬೆಹಣ್ಣಿನಷ್ಟಾಗಿ, ರೋಗ ಕಂಕುಳಿಗೂ ಹೋಗಿತ್ತು.

ಗಂಟು ಇರುವುದು ಅವರಿಗೆ ಅಂದೇ ಗೊತ್ತಿತ್ತು. "ಮಗನ ಎದುರಿಗೆ ಹೇಗೆ ಹೇಳಲಿ? ಎದೆ ಅಂದ್ರೆ ನಿಮಗೆ ಗೊತ್ತಾಗತ್ತೆ ಅಂದ್ಕೊಂಡೆ" ಅಂದರು. ನಮ್ಮ ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ನಾನು ಹೃದಯದ ಡಾಕ್ಟರು, ನನಗೆ ಹೃದಯವೇ ಕೇಳಿಸಿತು. ಮಗನನ್ನು ಐದು ನಿಮಿಷ ಹೊರಗೆ ಕಳುಹಿಸಿ, "ಅಮ್ಮ, ಒಳಗೋ, ಮೇಲೋ?" ಎಂದು ಕೇಳಬೇಕಿತ್ತು. ಕೇಳಲಿಲ್ಲ. ಈಗ ಪ್ರತಿಯೊಬ್ಬ ಹೆಂಗಸರಿಗೂ ಕೇಳುತ್ತೇನೆ.

*ಏನಿದು ಮೂರು ದಿನದ ನಡಿಗೆ?*

ಅಮೆರಿಕದ ಸೂಸನ್ ಕೋಮೆನ್ ಎಂಬ ಮಹಿಳೆ ಸ್ತನ ಕ್ಯಾನ್ಸರ್‌ನಿಂದ 1980ರಲ್ಲಿ ತೀರಿಕೊಂಡಾಗ ಅವರಿಗೆ 36 ವರ್ಷ. ತಂಗಿ ನ್ಯಾನ್ಸಿ ಬ್ರಿಂಕರ್ 1982ರಲ್ಲಿ ಅಕ್ಕನ ಹೆಸರಲ್ಲಿ ಒಂದು ಸಂಸ್ಥೆ ಕಟ್ಟಿದರು. ಆ ಸಂಸ್ಥೆಯ ಮೂರು ದಿನದ ನಡಿಗೆಯಲ್ಲಿ ಒಟ್ಟು 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರ್. ದಿನಕ್ಕೆ 32 ಕಿಲೋಮೀಟರ್ ಬಿತ್ತು. ಭಾಗವಹಿಸುವವರು ಪರಿಚಯದವರಿಂದ ದೇಣಿಗೆ ಸಂಗ್ರಹಿಸಬೇಕು. ನಮ್ಮಲ್ಲಿ ಮಿಲಿಂದ್ ಸೋಮನ್ 2012ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಪಿಂಕಥಾನ್ ಒಂದು ದಿನದ್ದು. ಅದರಲ್ಲಿ 3, 5, 10 ಕಿಲೋಮೀಟರ್ ವಿಭಾಗಗಳಿರುತ್ತವೆ. ಹೊಸಬರಿಗೆ ಅಂಥದ್ದು ಒಳ್ಳೆಯ ಆರಂಭ.

ದಿನಗಟ್ಟಲೆ ನಡೆಯುವುದು ನಮಗೆ ಹೊಸತಲ್ಲ. ಶಿವರಾತ್ರಿಗೆ ಧರ್ಮಸ್ಥಳ, ಯುಗಾದಿಗೆ ಶ್ರೀಶೈಲ, ಆಷಾಢದಲ್ಲಿ ಪಂಢರಪುರ ಎಂದು ನಮ್ಮ ಹಿರಿಯರು ನಡೆದವರೇ. ಆದರೆ ಅವರು ವರ್ಷವಿಡೀ ಹೊಲದಲ್ಲಿ ನಡೆಯುತ್ತಿದ್ದರು. ನಾವು ಲಿಫ್ಟಿನಿಂದ ಕಾರಿಗೆ, ಕಾರಿನಿಂದ ಕುರ್ಚಿಗೆ. ಆದ್ದರಿಂದ ಹೊರಡುವ ಮುಂಚೆ ಎರಡೂ ಎದೆಯ ಪರೀಕ್ಷೆ ಆಗಬೇಕು.

*ಮೊದಲನೆಯದು: ಸ್ತನ*

ಗ್ಲೋಬೋಕಾನ್ ಅಂದಾಜಿನ ಪ್ರಕಾರ 2020ರಲ್ಲಿ ಭಾರತದಲ್ಲಿ ಸುಮಾರು 1.78 ಲಕ್ಷ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಸುಮಾರು 90 ಸಾವಿರ ಮಂದಿ ತೀರಿಕೊಂಡರು. ನಿಯಮಿತ ನಡಿಗೆಯಿಂದ ಅಪಾಯ ಸ್ವಲ್ಪ ಕಡಿಮೆಯಾಗುತ್ತದೆ ನಿಜ. ಆದರೆ ಗುಲಾಬಿ ಟೀಶರ್ಟ್ ಹಾಕಿ ನೂರು ಕಿಲೋಮೀಟರ್ ನಡೆದರೂ ಒಳಗಿರುವ ಗಂಟು ತಾನಾಗಿ ಪತ್ತೆಯಾಗುವುದಿಲ್ಲ. ಇವನ್ನು ಗಮನಿಸಿ:

1. ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಂಟು. ನೋವಿಲ್ಲ ಎಂದು ಬಿಡಬೇಡಿ, ಎಷ್ಟೋ ಸಲ ಕ್ಯಾನ್ಸರ್ ಗಂಟು ನೋಯುವುದೇ ಇಲ್ಲ.
2. ಚರ್ಮ ಒಳಕ್ಕೆ ಎಳೆದಂತಾಗುವುದು, ಕಿತ್ತಳೆ ಸಿಪ್ಪೆಯಂತಾಗುವುದು.
3. ತೊಟ್ಟು ಹೊಸದಾಗಿ ಒಳಸೇರುವುದು, ತೊಟ್ಟಿನಿಂದ ರಕ್ತ ಬರುವುದು.

ಪರೀಕ್ಷೆ ಎಂದರೆ ದುಬಾರಿ ಯಂತ್ರವೇ ಬೇಕೆಂದಿಲ್ಲ. ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಿಂದ 20 ವರ್ಷ ಮುಂಬೈಯ ಬಡಾವಣೆಗಳ ಸುಮಾರು 1.5 ಲಕ್ಷ ಮಹಿಳೆಯರ ಮೇಲೆ ಅಧ್ಯಯನ ಮಾಡಿದರು. ಅವರಲ್ಲಿ ಅರ್ಧದಷ್ಟು ಮಂದಿಯನ್ನು ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಪರೀಕ್ಷಿಸಿದರು. ಅವರಲ್ಲಿ ರೋಗ ಬೇಗನೆ ಪತ್ತೆಯಾಯಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು. 30 ದಾಟಿದವರು ವೈದ್ಯರಿಂದಲೋ ನರ್ಸ್‌ನಿಂದಲೋ ಕೈಪರೀಕ್ಷೆ ಮಾಡಿಸಿಕೊಳ್ಳಿ. 40ರ ನಂತರ ಮ್ಯಾಮೋಗ್ರಾಂ ಬಗ್ಗೆ ವೈದ್ಯರನ್ನು ಕೇಳಿ. ಅಮ್ಮ, ಅಕ್ಕತಂಗಿಯರಿಗೆ ಈ ರೋಗ ಬಂದಿದ್ದರೆ ಇನ್ನೂ ಮೊದಲೇ ಕೇಳಿ.

ಪೀತಮ್‌ಪುರದವರಿಗೆ ದೂರವೂ ಇಲ್ಲ. ಮೆಟ್ರೋ ರೆಡ್ ಲೈನಿನಲ್ಲಿ ಒಂದು ಕಡೆ ಹೋದರೆ ರೋಹಿಣಿಯ ರಾಜೀವ್ ಗಾಂಧಿ ಕ್ಯಾನ್ಸರ್ ಆಸ್ಪತ್ರೆ, ಇನ್ನೊಂದು ಕಡೆ ಹೋದರೆ ದಿಲ್ಶಾದ್ ಗಾರ್ಡನ್ನಿನ ದೆಹಲಿ ರಾಜ್ಯ ಕ್ಯಾನ್ಸರ್ ಸಂಸ್ಥೆ. ಹಿಂದಿಯಲ್ಲಿ ಹೇಳಲು ಮುಜುಗರವಾದರೆ ಮಗಳನ್ನೋ ಸೊಸೆಯನ್ನೋ ಕರೆದುಕೊಂಡು ಹೋಗಿ. ಬಾಯಲ್ಲಿ ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ.

*ಎರಡನೆಯದು: ಹೃದಯ*

ಸ್ತನ ಕ್ಯಾನ್ಸರ್‌ನಿಂದ ಗುಣವಾದವರೇ ಇಂಥ ನಡಿಗೆಗೆ ಉತ್ಸಾಹದಿಂದ ಬರುತ್ತಾರೆ. ಅವರಿಗೆ ನನ್ನ ವಿಶೇಷ ಮಾತಿದೆ. ಜೀವ ಉಳಿಸಿದ ಚಿಕಿತ್ಸೆಯೇ ಕೆಲವರ ಹೃದಯವನ್ನು ಸ್ವಲ್ಪ ಸೊರಗಿಸಿರಬಹುದು.

• ಕೆಂಪು ಬಣ್ಣದ ಡ್ರಿಪ್, ಅಂದರೆ ಡಾಕ್ಸೋರುಬಿಸಿನ್ ಗುಂಪಿನ ಔಷಧ: ಒಟ್ಟು ಪ್ರಮಾಣ ಹೆಚ್ಚಿದಷ್ಟೂ ಹೃದಯದ ಸ್ನಾಯು ದುರ್ಬಲವಾಗುವ ಸಾಧ್ಯತೆ ಹೆಚ್ಚು. ವರ್ಷಗಳ ನಂತರವೂ ಕಾಣಿಸಬಹುದು.
• ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್: ಹೃದಯದ ಪಂಪು ಕುಗ್ಗಬಹುದು, ಬಹುತೇಕ ಮತ್ತೆ ಸರಿಹೋಗುತ್ತದೆ.
• ಎಡಭಾಗದ ರೇಡಿಯೇಷನ್: ಎಷ್ಟೋ ವರ್ಷಗಳ ಮೇಲೆ ಹೃದಯದ ರಕ್ತನಾಳಕ್ಕೆ ತೊಂದರೆ ಕೊಡಬಹುದು.
• ಟಾಮಾಕ್ಸಿಫೆನ್ ಮಾತ್ರೆ: ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸ್ವಲ್ಪ ಹೆಚ್ಚು. ಒಂದೇ ಕಾಲು ಊದಿ ನೋಯುತ್ತಿದ್ದರೆ "ನಡೆದು ನಡೆದು ಹೀಗಾಯಿತು" ಎನ್ನದೆ ತಕ್ಷಣ ತೋರಿಸಿ.

ಇದನ್ನು ಓದಿ ಹೆದರಿ ಕ್ಯಾನ್ಸರ್ ಔಷಧ ನಿಲ್ಲಿಸಬೇಡಿ. ಹಳೆಯ ಡಿಸ್ಚಾರ್ಜ್ ಪತ್ರ ತೆಗೆದುಕೊಂಡು ಬನ್ನಿ, ಒಂದು ಎಕೋ ಮಾಡಿಸಿ, ಅಷ್ಟೆ. ಮೆಟ್ಟಿಲು ಹತ್ತುವಾಗ ಹಿಂದಿಗಿಂತ ಹೆಚ್ಚು ಏದುಸಿರು, ರಾತ್ರಿ ಎರಡು ದಿಂಬು ಬೇಕಾಗುವುದು, ಪಾದದ ಊತ, ತಲೆಸುತ್ತಿ ಬೀಳುವುದು, ನಡೆದರೆ ಎದೆ ಹಿಡಿದು ನಿಂತರೆ ಬಿಡುವುದು, ಇವುಗಳಲ್ಲಿ ಒಂದಿದ್ದರೂ ಪರೀಕ್ಷೆಯಾಗದೆ ನಡಿಗೆ ಬೇಡ. ಕ್ಯಾನ್ಸರ್ ಇಲ್ಲದ, ಆದರೆ ಶುಗರ್, ಬಿಪಿ ಇರುವವರಿಗೂ ಇದೇ ಮಾತು.

*ತಯಾರಿ ಹೇಗೆ?*

ಕನಿಷ್ಠ ನಾಲ್ಕು ತಿಂಗಳು ಬೇಕು.

• 1ನೇ ತಿಂಗಳು: ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ.
• 2ನೇ ತಿಂಗಳು: ಇದರ ಜೊತೆ ಭಾನುವಾರ 8ರಿಂದ 10 ಕಿಲೋಮೀಟರ್.
• 3ನೇ ತಿಂಗಳು: ಶನಿವಾರ, ಭಾನುವಾರ ಎರಡೂ ದಿನ 12ರಿಂದ 15 ಕಿಲೋಮೀಟರ್. ಎರಡನೇ ದಿನ ದಣಿದ ಕಾಲಲ್ಲಿ ನಡೆಯುವುದೇ ಮುಖ್ಯ ಅಭ್ಯಾಸ.
• 4ನೇ ತಿಂಗಳು: ಎರಡು ದಿನ 20ರಿಂದ 25 ಕಿಲೋಮೀಟರ್. ಕೊನೆಯ ಹತ್ತು ದಿನ ಇಳಿಸಿ.

ಹೊಸ ಶೂ ಹಾಕಿ ಹೊರಡಬೇಡಿ, ಅಭ್ಯಾಸ ಮಾಡಿದ ಶೂ ಸಾಕು. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಉಪ್ಪಿನಂಶ ಇಳಿಯುತ್ತದೆ. ಬಾಯಾರಿದಾಗ ಕುಡಿಯಿರಿ, ನಡುವೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಇರಲಿ. ಬಿಪಿ, ಹೃದಯದ ತೊಂದರೆ ಇರುವವರು ಉಪ್ಪು, ನೀರಿನ ಅಳತೆಯನ್ನು ವೈದ್ಯರನ್ನು ಕೇಳಿಕೊಳ್ಳಿ. ಶುಗರ್ ಇರುವವರು ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಂಡು, ರಾತ್ರಿ ಪಾದ ನೋಡಿಕೊಳ್ಳಿ. ಕಂಕುಳ ಗ್ರಂಥಿ ತೆಗೆಸಿದವರು ಆ ಭುಜಕ್ಕೆ ಭಾರದ ಚೀಲ ಹಾಕಬೇಡಿ, ಆಗಾಗ ಕೈ ಎತ್ತಿ ಮುಷ್ಟಿ ಬಿಗಿದು ಬಿಡಿ.

ದೆಹಲಿಯವರಿಗೆ ಇನ್ನೊಂದು ಮಾತು. ಅಕ್ಟೋಬರ್ ಸ್ತನ ಕ್ಯಾನ್ಸರ್ ಜಾಗೃತಿಯ ತಿಂಗಳು, ಆದರೆ ನಮ್ಮ ಗಾಳಿ ಕೆಡಲು ಶುರುವಾಗುವುದೂ ಆಗಲೇ. ಎಕ್ಯೂಐ 200 ದಾಟಿದರೆ ಹೃದಯದ ತೊಂದರೆ ಇರುವವರು ಹೊರಗೆ ನಡೆಯಬೇಡಿ, 300 ದಾಟಿದರೆ ಯಾರೂ ಬೇಡ. ಮನೆಯೊಳಗೇ ನಡೆಯಿರಿ. ಚಳಿಗಾಲದಲ್ಲಿ ನಸುಕಿಗೆ ಹೊರಡದೆ ಬಿಸಿಲು ಬಂದ ಮೇಲೆ ಹೊರಡಿ. ಇಲ್ಲಿ ಗುಂಪಾಗಿ ನಡಿಗೆ ಏರ್ಪಡಿಸುವವರು ಫೆಬ್ರವರಿ, ಮಾರ್ಚ್ ಆರಿಸಿಕೊಳ್ಳುವುದು ಒಳ್ಳೆಯದು. ಜೊತೆಗೆ ಒಂದು ಕೈಪರೀಕ್ಷೆಯ ಶಿಬಿರವನ್ನೂ ಇಡಿ.

*ಆ ಅಮ್ಮನ ವಿಷಯ*

ಅವರಿಗೆ ಮೆಟ್ರೋ ಮೆಟ್ಟಿಲು ಹತ್ತಲು ಈಚೆಗೆ ಎರಡು ಕಡೆ ನಿಲ್ಲಬೇಕಿತ್ತಂತೆ. ವಯಸ್ಸಾಯಿತು ಅಂದುಕೊಂಡಿದ್ದರು. ಎಕೋದಲ್ಲಿ ಹೃದಯದ ಪಂಪು ಶೇ. 42ಕ್ಕೆ ಇಳಿದಿದೆ. ಶೇ. 50ರ ಮೇಲಿರಬೇಕು. ಮಾತ್ರೆ ಶುರುಮಾಡಿದ್ದೇನೆ, ಮೂರು ತಿಂಗಳಿಗೆ ಮತ್ತೆ ನೋಡುತ್ತೇವೆ. ಈ ವರ್ಷ ಮೂರು ದಿನದ ನಡಿಗೆ ಬೇಡ, ಸದ್ಯಕ್ಕೆ ಮನೆ ಹತ್ತಿರದ ಪಾರ್ಕಿನಲ್ಲಿ ದಿನಕ್ಕೆ ಹತ್ತು ನಿಮಿಷ ಎರಡು ಸಲ, ಸಮನೆಲದಲ್ಲಿ ನಿಧಾನವಾಗಿ ನಡೆದರೆ ಸಾಕು ಅಂದೆ. ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗಳು ನಡೀಲಿ. ನನ್ನ ವಿಷಯ ನೀವು ಗುಂಪಲ್ಲಿ ಬರೀರಿ. ನನ್ನ ಹಾಗೆ ಐದು ತಿಂಗಳು ಯಾರೂ ಸುಮ್ನೆ ಕೂತ್ಕೋಬಾರ್ದು" ಅಂದರು.

ಅದಕ್ಕೇ ಬರೆದೆ. ಇವತ್ತು ಸಂಜೆ ಊರಿಗೆ ಫೋನ್ ಮಾಡಿದಾಗ ಅಮ್ಮನನ್ನು, ಅತ್ತೆಯನ್ನು, ಅಕ್ಕನನ್ನು ಬಿಪಿ, ಶುಗರ್ ಜೊತೆಗೆ ಇದನ್ನೂ ಕೇಳಿ. ಗಂಡಸರು ಕೇಳಲು ಸಂಕೋಚವಾದರೆ ಹೆಂಡತಿಯ ಕೈಗೆ ಫೋನ್ ಕೊಟ್ಟು ಎದ್ದು ಹೋಗಿ.

ನಿಮ್ಮ ಮನೆಯ ಗುಂಪಿಗೆ ಇದನ್ನು ಕಳುಹಿಸಿ.