400 ರೂಪಾಯಿಯ ಆಮೆ, 25 ವರ್ಷದ ಖರ್ಚು

ಮದುವೆ, ಮುಂಜಿ, ಗೃಹಪ್ರವೇಶಗಳಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಬರೆದಿಡುವುದರಲ್ಲಿ ನಾವು ಗಟ್ಟಿಗರು. ಆದರೆ ಕೊಟ್ಟ ಉಡುಗೊರೆಯನ್ನು ಇಟ್ಟುಕೊಳ್ಳಲು ಪಡೆದವರಿಗೆ ತಿಂಗಳಿಗೆಷ್ಟು ಬೀಳುತ್ತದೆ ಎಂಬ ಲೆಕ್ಕ ಯಾವ ಮುಯ್ಯಿ ಪುಸ್ತಕದಲ್ಲೂ ಇರುವುದಿಲ್ಲ. ಬೆಳ್ಳಿ ಲೋಟಕ್ಕೆ ಅದು ಬೇಕಿಲ್ಲ. ಜೀವವಿರುವ ಉಡುಗೊರೆಗೆ ಬೇಕೇ ಬೇಕು.

ಅಕ್ಕನ ಮಗಳಿಗೆ ಹತ್ತು ತುಂಬುತ್ತಿತ್ತು. ಏನು ಬೇಕೆಂದರೆ, "ಮಾಮ, ನಂಗೊಂದು ಆಮೆ" ಎಂದಳು. ನನಗೂ ಸರಿ ಎನಿಸಿತು. ಆಮೆ ಬೊಗಳುವುದಿಲ್ಲ, ಸೋಫಾ ಪರಚುವುದಿಲ್ಲ, ಅಪಾರ್ಟ್‌ಮೆಂಟಿನವರ ತಕರಾರೂ ಇರುವುದಿಲ್ಲ. ಬೆಂಗಳೂರಿನ ಶಿವಾಜಿನಗರದ ಕಡೆ ಅಕ್ವೇರಿಯಂ ಅಂಗಡಿಯೊಂದಕ್ಕೆ ಹೋದೆ. ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಹಸಿರು ಮರಿಗಳು ತಟ್ಟೆಯಲ್ಲಿ ಒಂದರ ಮೇಲೊಂದು ಹತ್ತುತ್ತಿದ್ದವು. ಒಂದಕ್ಕೆ 400, ಜೋಡಿಗೆ 700. "ಜೋಡೀನೇ ತಗೊಳ್ಳಿ ಸಾರ್, ಒಂದೇ ಇದ್ರೆ ಅದಕ್ಕೆ ಬೇಜಾರಾಗುತ್ತೆ" ಎಂದ ಹುಡುಗ. ಇನ್ನೊಂದು 250 ಕೊಟ್ಟರೆ ಪ್ಲಾಸ್ಟಿಕ್ ತೆಂಗಿನ ಮರವಿರುವ ಪುಟ್ಟ ತೊಟ್ಟಿಯೂ ಸಿಗುತ್ತಿತ್ತು. ಸಾವಿರದೊಳಗೆ ಕೆಲಸ ಮುಗಿಯುವಂತಿತ್ತು. ನಾನು ಕೊಳ್ಳದೆ, ಫೋನ್ ನಂಬರ್ ಮಾತ್ರ ಬರೆದುಕೊಂಡು ಬಂದೆ. ತಿಂಗಳ ಖರ್ಚು ಗೊತ್ತಿಲ್ಲದ ಯಾವುದನ್ನೂ ಮನೆಗೆ ತರಬಾರದು ಎಂಬುದು ಈ ಅಂಕಣದಲ್ಲಿ ನಾನೇ ಹಲವು ಸಲ ಬರೆದ ಮಾತು.

ಆ ಮರಿ ರೆಡ್ ಇಯರ್ಡ್ ಸ್ಲೈಡರ್. ಅಮೆರಿಕದ ಮಿಸಿಸಿಪ್ಪಿ ಕೊಳ್ಳದ ಜಾತಿ. ಹೆಣ್ಣಾದರೆ ಚಿಪ್ಪು ಹತ್ತು ಅಂಗುಲ ಮುಟ್ಟುತ್ತದೆ, ಚೆನ್ನಾಗಿ ನೋಡಿಕೊಂಡರೆ 25-30 ವರ್ಷ ಬದುಕುತ್ತದೆ. ಅದಕ್ಕೆ ಜೊತೆ ಬೇಕಿಲ್ಲ. ಇಕ್ಕಟ್ಟಿನಲ್ಲಿ ಎರಡನ್ನು ಬಿಟ್ಟರೆ ಕಚ್ಚಾಡುತ್ತವೆ. ಚಿಪ್ಪಿನ ಪ್ರತಿ ಅಂಗುಲಕ್ಕೆ ಸುಮಾರು 40 ಲೀಟರ್ ನೀರು ಬೇಕು ಎನ್ನುವುದು ಸಾಕುವವರ ಲೆಕ್ಕ. ತೆಂಗಿನ ಮರದ ತೊಟ್ಟಿಯಲ್ಲಿ ಎರಡು ಲೀಟರ್ ಹಿಡಿದರೆ ಹೆಚ್ಚು.

ನಾನು ವಿಚಾರಿಸಿದ ದರಗಳು ಹೀಗಿದ್ದವು. ನಾಲ್ಕಡಿಯ ಗಾಜಿನ ಟ್ಯಾಂಕು, ಸ್ಟ್ಯಾಂಡ್ ಸೇರಿ 9,000. ಆಮೆ ನೀರನ್ನು ಮೀನಿಗಿಂತ ಬೇಗ ಕೊಳಕು ಮಾಡುವುದರಿಂದ ದೊಡ್ಡ ಫಿಲ್ಟರ್, 4,500. ಮೈಕಾಯಿಸುವ ದೀಪ ಮತ್ತು ಯು.ವಿ.ಬಿ. ದೀಪ, ಹೋಲ್ಡರ್ ಸಮೇತ 2,500. ಚಳಿಗಾಲಕ್ಕೆ ಹೀಟರ್ 900, ನೀರಿನಿಂದ ಹತ್ತಿ ಕೂರಲು ಕಟ್ಟೆ 600. ಒಟ್ಟು 17,500. ಆಮೆಯ ಬೆಲೆಯ ನಲವತ್ತು ಪಟ್ಟಿಗೂ ಹೆಚ್ಚು. ಹೆಣ್ಣಾಗಿ ಪೂರ್ತಿ ಬೆಳೆದರೆ ಈ ಟ್ಯಾಂಕೂ ಸಾಲುವುದಿಲ್ಲ.

ಯು.ವಿ.ಬಿ. ದೀಪ ಯಾಕೆ, ಕಿಟಕಿ ಪಕ್ಕ ಇಟ್ಟರೆ ಬಿಸಿಲು ಬೀಳುವುದಿಲ್ಲವೇ ಎಂದು ನಾನೂ ಕೇಳಿದ್ದೆ. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ. ಅದು ಸಿಗದಿದ್ದರೆ ಕ್ಯಾಲ್ಸಿಯಂ ಹೀರಲಾಗದೆ ಚಿಪ್ಪು ಮೆತ್ತಗಾಗುತ್ತದೆ, ಮೂಳೆ ಸೊಟ್ಟಗಾಗುತ್ತದೆ. ದೀಪ ಉರಿಯುತ್ತಿದ್ದರೂ ಅದರ ಯು.ವಿ.ಬಿ. ಕ್ಷೀಣಿಸುವುದರಿಂದ ವರ್ಷಕ್ಕೊಮ್ಮೆಯಾದರೂ ಬದಲಾಯಿಸಬೇಕು. ನೇರ ಬಿಸಿಲು ಬೀಳುವ ಬಾಲ್ಕನಿ ಇದ್ದವರಿಗೆ ಈ ಖರ್ಚು ಕೊಂಚ ಹಗುರ.

ಇನ್ನು ಕರೆಂಟು. 15 ವ್ಯಾಟಿನ ಫಿಲ್ಟರ್ ಹಗಲೂ ರಾತ್ರಿ, 50 ವ್ಯಾಟಿನ ದೀಪ ದಿನಕ್ಕೆ ಎಂಟು ತಾಸು, ಯು.ವಿ.ಬಿ. ಹತ್ತು ತಾಸು ಎಂದುಕೊಂಡರೆ ತಿಂಗಳಿಗೆ ಸುಮಾರು 27 ಯೂನಿಟ್. ದುಡ್ಡಿನ ಲೆಕ್ಕದಲ್ಲಿ ಇನ್ನೂರರೊಳಗೆ. ಆದರೆ ಅಕ್ಕನ ಮನೆಗೆ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತದೆ, ಬಳಕೆ 180ರ ಆಸುಪಾಸು. 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ ಕಟ್ಟಬೇಕು. ಹೀಗೆ, ಆಮೆಯ ಇನ್ನೂರು ರೂಪಾಯಿಯ ಕರೆಂಟು ಸಾವಿರಕ್ಕೂ ಮೀರಿದ ಬಿಲ್ ತರಿಸುತ್ತದೆ.

ಆಹಾರ, ಸೊಪ್ಪು, ದೀಪ, ಫಿಲ್ಟರಿನ ಸ್ಪಾಂಜು, ವರ್ಷಕ್ಕೆರಡು ಸಲ ಆಮೆಗಳನ್ನು ಬಲ್ಲ ಪಶುವೈದ್ಯರು, ಊರಿಗೆ ಹೋದಾಗ ನೋಡಿಕೊಳ್ಳುವವರಿಗೆ ಕೊಡುವ ಹಣ, ಎಲ್ಲ ಸೇರಿ ತಿಂಗಳಿಗೆ 1,000 ಎಂದಿಟ್ಟುಕೊಂಡೆ. 25 ವರ್ಷಕ್ಕೆ ಮೂರು ಲಕ್ಷ. ವರ್ಷಕ್ಕೆ ಶೇ 5ರಷ್ಟು ಬೆಲೆ ಏರುತ್ತದೆ ಎಂದರೆ ಐದೂಮುಕ್ಕಾಲು ಲಕ್ಷದ ಹತ್ತಿರ. ಹುಡುಗಿ ಹಾಸ್ಟೆಲಿಗೆ ಹೋಗಿ, ಕೆಲಸಕ್ಕೆ ಸೇರಿ, ಬೇರೆ ಮನೆ ಮಾಡಿದರೂ ಆಮೆ ಅಕ್ಕನ ಹಾಲಿನಲ್ಲೇ ಇರುತ್ತದೆ.

ಬೇಡವೆನಿಸಿದಾಗ ಇದನ್ನು ಕೈಬಿಡುವ ದಾರಿಯೂ ಸಲೀಸಲ್ಲ. ಬೆಳೆದ ಸ್ಲೈಡರನ್ನು ಕೊಳ್ಳುವವರು ಸಿಗುವುದು ಕಷ್ಟ. ಹಾಗಾಗಿಯೇ ಬಹಳ ಜನ ರಾತ್ರಿ ಕೆರೆಗೆ ಬಿಟ್ಟು ಬರುತ್ತಾರೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆ ಇದೆ. ನಮ್ಮ ಕೆರೆಯ ಆಮೆಗಳ ಜಾಗ, ಆಹಾರ ಎರಡನ್ನೂ ಕಸಿಯುತ್ತದೆ. ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ಸಾಲ್ಮೊನೆಲ್ಲಾ ಸೋಂಕಿನ ಭಯ ಬೇರೆ. ಈ ಕಾರಣಕ್ಕೇ ಅಮೆರಿಕ 1975ರಲ್ಲಿ ನಾಲ್ಕಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟ ನಿಷೇಧಿಸಿತು.

ವಿಷಯ ಕಿವಿಗೆ ಬಿದ್ದ ಪರಿಚಯಸ್ಥರೊಬ್ಬರು, "ಅದ್ಯಾಕೆ, ಕೋಲಾರದ ಕಡೆಯಿಂದ ನಕ್ಷತ್ರ ಆಮೆ ತರಿಸಿಕೊಡ್ತೀನಿ, ಮನೇಲಿದ್ರೆ ದುಡ್ಡು ಕೂಡುತ್ತೆ" ಎಂದರು. ನಕ್ಷತ್ರ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಹಿಡಿಯುವುದು, ಮಾರುವುದು, ಕಾಡಿನಿಂದ ತಂದು ಮನೆಯಲ್ಲಿಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಕೂಡುವುದು ದುಡ್ಡಲ್ಲ, ವಕೀಲರ ಫೀಜು.

ಲೆಕ್ಕದ ಹಾಳೆಯನ್ನು ಅಕ್ಕನ ಮುಂದಿಟ್ಟೆ. ಅವಳು ಮೊತ್ತ ನೋಡಲೇ ಇಲ್ಲ. "ನೀನೇನೋ ಕೊಟ್ಟು ಹೋಗ್ತೀಯ ಕಣೋ, ವಾರಾವಾರ ಆ ನೀರು ಎತ್ತಿ ಹಾಕೋಳು ಯಾರು?" ಎಂದಳು. ನನ್ನ ಹಾಳೆಯಲ್ಲಿ ಅವಳ ದುಡಿಮೆಗೆ ಒಂದು ಸಾಲೂ ಇರಲಿಲ್ಲ.

ಕೊನೆಗೆ ಹುಡುಗಿಯ ಹೆಸರಿನಲ್ಲಿ ಮೈಸೂರು ಮೃಗಾಲಯದ ಚಿಕ್ಕ ಪ್ರಾಣಿಯೊಂದನ್ನು ಒಂದು ವರ್ಷಕ್ಕೆ ದತ್ತು ಪಡೆದೆವು. ಪ್ರಾಣಿಗೆ ತಕ್ಕ ಮೊತ್ತ, ಒಂದೇ ಸಲ ಕಟ್ಟುವುದು, ಬೇಕಾದರೆ ಮುಂದಿನ ವರ್ಷ ಮುಂದುವರಿಸುವುದು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಜಿ ಅಡಿ ವಿನಾಯಿತಿಯೂ ಉಂಟು, ಹೊಸ ಪದ್ಧತಿಯವರಿಗಿಲ್ಲ. ಹುಡುಗಿ ಮೊದಲು ಮುಖ ಊದಿಸಿಕೊಂಡಳು, ಈಗ ಮೈಸೂರಿಗೆ ಯಾವಾಗ ಎಂದು ಕೇಳುತ್ತಾಳೆ.

ಆಮೆಯನ್ನು ಕೊಡಲೇಬಾರದು ಎಂದು ನಾನು ಹೇಳುವುದಿಲ್ಲ. ಕೊಡುವುದಾದರೆ ಮೊದಲು ಟ್ಯಾಂಕು ಕೊಡಿ, ಅದರ ಜೊತೆ ಒಂದು ವರ್ಷದ ಖರ್ಚು 12,000ವನ್ನು ಬೇರೆ ಖಾತೆಯಲ್ಲಿ ಇಟ್ಟು ಕೊಡಿ. ಆ ಮನೆಯಲ್ಲಿ ನೀರು ಬದಲಾಯಿಸಬೇಕಾದವರು ಒಪ್ಪಿದ ಮೇಲಷ್ಟೇ ಆಮೆ ತನ್ನಿ.